ತಾಯಿ ಉಟ್ಟ ಸೀರೆ ಅಣ್ಣನ ಮೈಗೆ

ಆ ಅಮಾವಾಸ್ಯೆಯ ರಾತ್ರಿ ಹತ್ತು ನಲವತ್ತಕ್ಕೆ ಅಣ್ಣನ ಸೈಕಲ್ಲಿನ ಗಂಟೆ ನಿಂತಿತು. ವೇಳೆ ನೆನಪಿರುವುದಕ್ಕೆ ಕಾರಣವಿದೆ. ಹ್ಯಾಂಡಲ್ಲಿಗೆ ಬ್ಯಾಟರಿಯಂತೆ ಕಟ್ಟಿಕೊಂಡಿದ್ದ ಮೊಬೈಲನ್ನು ಆಗಷ್ಟೇ ನೋಡಿದ್ದೆ. ಗಡಿಯಾರ ತೋರಿಸಿ, ಚಾರ್ಜ್ ಮುಗಿದು ಅದು ಆರಿಹೋಯಿತು.

ಕತ್ತಲಲ್ಲಿ ಒಬ್ಬರಿಗೊಬ್ಬರು ತಪ್ಪಿಹೋಗಬಾರದೆಂದು ನಾವು ಒಂದು ಮಾತು ಮಾಡಿಕೊಂಡಿದ್ದೆವು. ಮುಂದಿರುವ ಅಣ್ಣ ಆಗಾಗ ಗಂಟೆ ಬಾರಿಸಬೇಕು, ಹಿಂದಿರುವ ನಾನು ಉತ್ತರ ಕೊಡಬೇಕು. ನಾನು ಬಾರಿಸಿದೆ. ಮುಂದಿನಿಂದ ಏನೂ ಬರಲಿಲ್ಲ.

ತಾಯಿಗೆ ನಡೆದುಕೊಳ್ಳುವ ನನ್ನ ಬಂಧುಗಳೇ, ಇದನ್ನು ಬರೆಯಲು ಕುಳಿತರೆ ಈಗಲೂ ನನ್ನ ಬೆರಳುಗಳು ತಣ್ಣಗಾಗುತ್ತವೆ. ಆದರೂ ಬರೆಯಬೇಕು. ನಮ್ಮಂತೆಯೇ ಹರಕೆ ಹೊತ್ತವರು ನಿಮ್ಮಲ್ಲಿ ಅನೇಕರಿದ್ದೀರಿ.

ನಮ್ಮ ಊರು ಆಳಂದ ತಾಲೂಕಿನ ನಿಂಬರ್ಗಾ. ಅಣ್ಣ ಭೀಮಾಶಂಕರ ಅಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾನೆ. ನಾನು ಎಂ.ಎ. ಮಾಡಿ ಜೇವರ್ಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹಿಂದಿನ ವರ್ಷ ಮೋಟಾರ್ ಸೈಕಲ್ ಜಾರಿ ನನ್ನ ಕಾಲು ಮುರಿದಿತ್ತು. ರಾಡು ಹಾಕಿದ ಮೇಲೂ ಮಂಡಿ ಮಡಚುತ್ತಿರಲಿಲ್ಲ. ಆಗ ಅಣ್ಣ ನನಗೆ ತಿಳಿಸದೆ ಭೀಮೆಯ ದಂಡೆಯಲ್ಲಿರುವ ನಮ್ಮ ಮನೆದೇವಿಗೆ ಹರಕೆ ಹೊತ್ತಿದ್ದ: ತಮ್ಮನ ಕಾಲು ಪೆಡಲ್ ತುಳಿಯುವಂತಾದರೆ ಇಬ್ಬರೂ ಸೈಕಲ್ ಮೇಲೆಯೇ ನಿನ್ನ ಬಾಗಿಲಿಗೆ ಬರುತ್ತೇವೆ, ನಾನು ದೀಡ ನಮಸ್ಕಾರ ಹಾಕುತ್ತೇನೆ.

ಕಾಲು ಮಡಚಿತು. ಎಳ್ಳಮಾವಾಸ್ಯೆಯ ಮುಂದಿನ ಅಮಾವಾಸ್ಯೆಗೆ ಹೊರಟೆವು.

ಜನದ ನೂಕಿನಲ್ಲಿ ಅಣ್ಣನ ಸರತಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಧೋತರದಲ್ಲೇ ನೆಲಕ್ಕೆ ಮೈಚಾಚಿ, ಏಳುತ್ತ ಮಲಗುತ್ತ ಗುಡಿಯ ತನಕ ಬಂದ. ಅವ್ವ ಕಳಿಸಿದ್ದ ಹೊಸ ಸೀರೆಯನ್ನು ಪೂಜಾರಿ ತಾಯಿಗೆ ಉಡಿಸಿ, ಅಲ್ಲಿಯ ತನಕ ತಾಯಿಯ ಮೈಮೇಲಿದ್ದ ಹಸಿರು ಇಳಕಲ್ ಸೀರೆಯನ್ನು ಪ್ರಸಾದವಾಗಿ ಕೊಟ್ಟ. ಅದರ ಸೆರಗಿನಲ್ಲೇ ಕೊಬ್ಬರಿ, ಬೆಲ್ಲ, ಭಂಡಾರದ ಅರಿಸಿನ ಕಟ್ಟಿ ಗಂಟು ಮಾಡಿದ. ಗಂಟನ್ನು ನನ್ನ ಕ್ಯಾರಿಯರ್‌ಗೆ ಬಿಗಿದೆವು. ಮನೆಯಲ್ಲಿ ಉಪವಾಸ ಕೂತ ಅವ್ವನೇ ಅದನ್ನು ಬಿಚ್ಚಬೇಕು. ಅದಕ್ಕೇ ರಾತ್ರಿಯೇ ಹೊರಟದ್ದು.

ತಪ್ಪಾದದ್ದು ಅಲ್ಲೇ. ನಮ್ಮ ಮನೆತನದ ನೇಮದಂತೆ, ದೀಡ ನಮಸ್ಕಾರ ಹಾಕಿದವರ ಬಟ್ಟೆ ಮೈಮೇಲೇ ಒಣಗಬೇಕು. ಮನೆಯ ಹೊಸ್ತಿಲು ಮುಟ್ಟುವ ತನಕ ಅದನ್ನು ತೆಗೆಯುವಂತಿಲ್ಲ, ಬಾಯಿಗೆ ಏನೂ ಹಾಕುವಂತಿಲ್ಲ. ನಮ್ಮ ಹಿರಿಯರು ಬೇಸಿಗೆಯ ಬಿಸಿಲಿನಲ್ಲಿ ನಡೆದು ಬರುತ್ತಿದ್ದರು. ನಾವು ಚಳಿಗಾಲದ ರಾತ್ರಿ, ಗಾಳಿಗೆ ಎದೆ ಕೊಟ್ಟು ಸೈಕಲ್ ತುಳಿಯುತ್ತಿದ್ದೆವು. ಅಣ್ಣ ಒದ್ದೆ ಬನಿಯನ್ ಮೇಲೆಯೇ ಸ್ವೆಟರ್ ಏರಿಸಿದ. ಒಣ ಅಂಗಿ ಹಾಕಿಕೊ ಎಂದೆ. ಎಂ.ಎ. ಮಾಡಿದವರಿಗೆ ಜಲ್ದಿ ಚಳಿ ಆಗ್ತದ ಎಂದು ನಕ್ಕ. ನಾನು ರೆಕ್ಸಿನ್ ಜಾಕೀಟು ಹಾಕಿಕೊಂಡಿದ್ದೆ. ದಿಬ್ಬ ಹತ್ತುವಾಗ ಒಳಗೆ ಬೆವತೆ, ಇಳಿಜಾರಿನಲ್ಲಿ ಆ ಬೆವರೇ ಬೆನ್ನಿಗೆ ಬರ್ಫಾಯಿತು.

ಅಫಜಲಪುರ ದಾಟಿದ ಮೇಲೆ ಅವನ ಮಾತು ಕಡಿಮೆಯಾಯಿತು. ಮೊದಲು ಗಡಗಡ ನಡುಗುತ್ತಿದ್ದ. ಒಂದು ಕಡೆ ನಿಂತಾಗ ನಡುಕ ನಿಂತದ್ದು ಕಂಡು ನನಗೆ ಸಮಾಧಾನವಾಯಿತು. ಅದು ಸಮಾಧಾನಪಡುವ ಹೊತ್ತಲ್ಲ, ಮೈಯ ಕಾವು ಸೋತ ಗುರುತು ಎಂದು ಮರುದಿನ ಡಾಕ್ಟರು ಹೇಳಿದರು. ಆ ಕ್ಷಣ ನನ್ನ ಕಣ್ಣ ಮುಂದೆ ಎಷ್ಟು ಸಲ ಬಂದಿದೆಯೋ.

ಗಂಟೆ ನಿಂತ ಮೇಲೆ ಸ್ವಲ್ಪ ಮುಂದೆ ಹೋದಾಗ ನನ್ನ ಗಾಲಿ ಅವನ ಸೈಕಲ್ಲಿಗೆ ತಾಗಿತು. ಅಣ್ಣ ರಸ್ತೆಯ ಅಂಚಿನಲ್ಲಿ ಕಾಲು ಚಾಚಿ ಕುಳಿತಿದ್ದ. ಎಬ್ಬಿಸಲು ಹೋದರೆ ಕುಡಿದವನ ಹಾಗೆ ನಾಲಿಗೆ ತೊದಲುತ್ತಿತ್ತು.

"ಗಿರಣಿ ಬಂದ್ ಮಾಡಿ ಬರ್ತೇನಿ ತಡಿ," ಎಂದ. "ಸುಮ್ನ ಕುಂದ್ರು. ನಿದ್ದಿ ಬರಾಕತ್ತದ."

ಒದ್ದೆ ಬಟ್ಟೆ ತೆಗೆಯಲು ಸ್ವೆಟರ್ ಎಳೆದೆ. ಅಷ್ಟು ಹೊತ್ತೂ ಇಲ್ಲದ ಬಲ ಎಲ್ಲಿಂದ ಬಂತೋ, ನನ್ನ ಕೈ ತಳ್ಳಿದ. "ಮುಟ್ಟಬ್ಯಾಡ. ನಿನ್ನ ಕಾಲಿನ ಹರಕಿ ಅದು. ತಾಯಿ ಕಾಲು ಕೊಟ್ಟಾಳ, ಮತ್ತ ಕಸ್ಗೊಂಡ್ರ?"

ಹೊಲದಾಚೆ ತೊಗರಿ ರಾಶಿಯ ಪಕ್ಕ ಒಂದು ಬೆಂಕಿ ಕಾಣುತ್ತಿತ್ತು. ಕೂಗಿದೆ. ಒಬ್ಬ ಹೆಂಗಸಿನ ದನಿ ಬಂತು: "ಯಾವನಲೇ ಅವಾ? ಮುಂದ ಬಂದ್ರ ಕಲ್ಲ್ ಬೀಸ್ತೇನಿ." ಹೆಸರು, ಊರು ಎಲ್ಲ ಹೇಳಿದೆ. ರಾಶಿ ಕಾಲದಾಗ ಎಲ್ಲಾ ಕಳ್ಳರೂ ನಿಂಬರ್ಗಾದವರೇ ಎಂಬ ಉತ್ತರ ಬಂತು, ಅದರ ಬೆನ್ನಿಗೇ ಒಂದು ಕಲ್ಲೂ ಬಂತು. ಅವರದೇನೂ ತಪ್ಪಿಲ್ಲ. ಅದು ವರ್ಷದ ಪೀಕು. ಅಮಾವಾಸ್ಯೆಯ ಕತ್ತಲಲ್ಲಿ ಇಬ್ಬರು ಗಂಡಸರು ಕರೆದರೆ ಯಾರು ಬರುತ್ತಾರೆ? ಅಣ್ಣನನ್ನು ಹೊತ್ತುಕೊಂಡು ಹೋಗಲು ನನ್ನ ರಾಡಿನ ಕಾಲಿಗೆ ಶಕ್ತಿಯಿರಲಿಲ್ಲ.

ನನಗೆ ಅಳು ಬರಲಿಲ್ಲ. ಹೆದರಿಕೆಯೂ ಆಗಲಿಲ್ಲ. ಒಳಗೆಲ್ಲ ಮರಗಟ್ಟಿತ್ತು. ನಾನು ಮಾಡಿದ ಪ್ರಾರ್ಥನೆ ಇಷ್ಟೇ: "ತಾಯೇ, ನನ್ನ ಕಾಲು ನೀನೇ ಇಟ್ಟುಕೊ. ಇವನ ಮೈ ಬೆಚ್ಚಗೆ ಮಾಡು." ಅದನ್ನೂ ಭಕ್ತಿಯಿಂದ ಹೇಳಿದೆನೆಂದು ಹೇಳಲಾರೆ. ಹಾಜರಿ ಕೂಗಿದ ಹಾಗೆ ಹೇಳಿದೆ.

ಅವನ ಬಾಯಿಗೆ ಒಂದು ಚೂರು ಬೆಲ್ಲವಾದರೂ ಹಾಕೋಣ, ಪಾಪ ಬಂದರೆ ನನಗೇ ಬರಲಿ ಎಂದು ಪ್ರಸಾದದ ಗಂಟಿಗೆ ಕೈ ಹಾಕಿದೆ. ಬೆರಳು ಮಡಚಲಿಲ್ಲ. ಹಿಡಿದದ್ದು ಬಟ್ಟೆಯೋ ಕಬ್ಬಿಣವೋ ತಿಳಿಯಲಿಲ್ಲ. ಬಗ್ಗಿ, ಹಲ್ಲಿನಿಂದ ಗಂಟು ಕಚ್ಚಿ ಎಳೆದೆ. ನಾಲಿಗೆಗೆ ಭಂಡಾರದ ಒಗರು ತಾಗಿತು. ಆಗ ಹೊಳೆಯಿತು. ಇಷ್ಟು ಹೊತ್ತು ಗಂಟು, ಗಂಟು ಅಂದುಕೊಂಡು ಹೊತ್ತು ತಂದದ್ದು ಒಂದು ಒಣ ಸೀರೆ. ತಾಯಿ ತಾನು ಉಟ್ಟುಕೊಂಡಿದ್ದ ಸೀರೆ.

ಅಣ್ಣನ ಕಿವಿಯ ಹತ್ತಿರ ಹೋಗಿ ಹೇಳಿದೆ: "ಅಣ್ಣಾ, ತಾಯಿ ತನ್ನ ಸೀರಿ ಕೊಟ್ಟಾಳ, ಉಟ್ಟುಕೋ ಅಂತಾಳ. ಒಲ್ಲೆ ಅಂತೀ ಏನು?"

ಅಣ್ಣ ತಡವರಿಸಿ ಸೀರೆಯ ಅಂಚು ಮುಟ್ಟಿದ. ಆಮೇಲೆ, "ಆಕೀಗಿ ಹ್ಯಾಂಗ ಒಲ್ಲೆ ಅನ್ಲಿ," ಎಂದು ಎರಡೂ ಕೈ ಮೇಲೆತ್ತಿದ, ಸಣ್ಣ ಮಕ್ಕಳು ಅಂಗಿ ಬಿಚ್ಚಿಸಿಕೊಳ್ಳುವ ಹಾಗೆ.

ಒದ್ದೆ ಬಟ್ಟೆಯೆಲ್ಲ ತೆಗೆದು, ಸೀರೆಯನ್ನು ತಲೆಯಿಂದ ಕಾಲ ತನಕ ಸುತ್ತಿದೆ. ನನ್ನ ಜಾಕೀಟು ತೆಗೆದು ಮೇಲೆ ಹಾಕಿ ಅವನನ್ನು ತಬ್ಬಿ ಕುಳಿತೆ. ಬೆಲ್ಲದ ಚೂರು ಬಾಯಿಗಿಟ್ಟೆ, ಚೀಪಿದ.

ಆಗ ರಾಶಿಯ ಕಡೆಯಿಂದ ಬ್ಯಾಟರಿ ಬೆಳಕು ಬಿತ್ತು. ಕಳ್ಳರು ಹೋದರೋ ಇಲ್ಲವೋ ಎಂದು ನೋಡಲು ಹಾಕಿದ್ದಂತೆ. ಬೆಳಕು ಹಸಿರು ಸೀರೆಯ ಮೇಲೆ ಬಿದ್ದು ಅಲ್ಲೇ ನಿಂತಿತು.

"ಹೆಣ್ಮಗಳು ಅದಾಳಲ್ಲೋ," ಎಂದು ಆ ಹೆಂಗಸು ಗಂಡನನ್ನು ಎಬ್ಬಿಸುತ್ತಿದ್ದದ್ದು ಕೇಳಿಸಿತು. "ಏಳ್ರಿ, ಯಾವಾಕೀಗೋ ಹೆರಗಿ ಬ್ಯಾನಿ ಬಂದಂಗದ."

ಹೊಲ ತುಳಿದುಕೊಂಡು ಇಬ್ಬರೂ ಓಡಿ ಬಂದರು. ಆಕೆಯ ಹೆಸರು ಸಿದ್ದಮ್ಮ. ಹತ್ತಿರ ಬಂದು ಸೆರಗು ಸರಿಸಿದರೆ ಒಳಗೆ ಅಣ್ಣನ ದಪ್ಪ ಮೀಸೆ. ಬ್ಯಾಟರಿ ನನ್ನ ಮುಖದತ್ತ ತಿರುಗಿತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಅಣ್ಣನ ಕೆನ್ನೆ ಮುಟ್ಟಿ ನೋಡಿ, ಸೀರೆಗೆ ಅಂಟಿದ್ದ ಭಂಡಾರವನ್ನು ತನ್ನ ಹಣೆಗೆ ಹಚ್ಚಿಕೊಂಡಳು. ಮೂವರೂ ಸೇರಿ ಅವನನ್ನು ರಾಶಿಯ ಹತ್ತಿರ ಒಯ್ದೆವು. ತೊಗರಿಯ ಹೊಟ್ಟಿನ ಗುಡ್ಡೆಯಲ್ಲಿ ಗೂಡು ಮಾಡಿ, ಕಂಬಳಿ ಹಾಸಿ ಮಲಗಿಸಿ, ಕೊರಳ ತನಕ ಹೊಟ್ಟು ಮುಚ್ಚಿದರು. ಬೆಂಕಿಗೆ ತೊಗರಿ ಕಟ್ಟಿಗೆ ಹಾಕಿದರು. ಸಿದ್ದಮ್ಮ ಜೋಳದ ಅಂಬಲಿ ಕಾಸಿ ಗುಟುಕು ಗುಟುಕಾಗಿ ಕುಡಿಸಿದಳು.

ಮತ್ತೆ ಅವನಿಗೆ ನಡುಕ ಬಂತು. ಹಲ್ಲು ಕಟಕಟ ಅನ್ನುವಷ್ಟು. ನಡುಕ ಬಂತಂದ್ರ ಮೈಗೆ ಜೀವ ಬಂದಂಗ ಎಂದಳು ಸಿದ್ದಮ್ಮ. ಆ ಸದ್ದು ನನಗೆ ಗುಡಿಯ ಗಂಟೆಗಿಂತ ಹೆಚ್ಚಾಯಿತು.

"ಬೀಗರು ಇದ್ದಂಗ ಮಲಗ್ಯಾನ ನೋಡ್ರಿ," ಎಂದು ಗಂಡ ಚೇಷ್ಟೆ ಮಾಡಿದ.

"ಬೀಗರಲ್ಲ, ಬೀಗತಿ," ಎಂದಳು ಸಿದ್ದಮ್ಮ. ಅಣ್ಣನೂ ನಕ್ಕ. ನಾನು ಅತ್ತೆ.

ಬೆಳಗಿನ ಮೊದಲ ಬಸ್ಸಿಗೆ ಕೈ ಮಾಡಿ ಅಫಜಲಪುರದ ದವಾಖಾನೆಗೆ ಹೋದೆವು. ಸೀರೆ ಉಟ್ಟ ಮೀಸೆಯವನನ್ನು ಕಂಡಕ್ಟರ್ ನೋಡಿದ, ಮುಂದಿನ ಸೀಟು ಬಿಡಿಸಿಕೊಟ್ಟ. ಡಾಕ್ಟರು ಸಲೈನ್ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಇನ್ನೊಂದಿಷ್ಟು ಹೊತ್ತು ಇದ್ದಿದ್ದರೆ ಇವರು ನಿದ್ದೆಯಿಂದ ಏಳುತ್ತಿರಲಿಲ್ಲ ಎಂದರು. ಸಂಜೆ ಮನೆ ಮುಟ್ಟಿದೆವು. ಅವ್ವ ಅಲ್ಲಿಯ ತನಕ ಹನಿ ನೀರು ಮುಟ್ಟಿರಲಿಲ್ಲ. ಗಂಟು ಬಿಚ್ಚಿದ್ದಕ್ಕೆ ಏನನ್ನುತ್ತಾಳೋ ಎಂದು ಅಂಜಿದ್ದೆ. ನಡೆದದ್ದೆಲ್ಲ ಕೇಳಿ, ಉಳಿದಿದ್ದ ಕೊಬ್ಬರಿ ಬಾಯಿಗೆ ಹಾಕಿಕೊಂಡು ಇಷ್ಟೇ ಅಂದಳು: "ನೇಮ ನಾವು ಮಾಡ್ಕೊಂಡದ್ದು. ಸೀರಿ ಆಕಿ ಕೊಟ್ಟದ್ದು."

ಅಣ್ಣ ವಾರದೊಳಗೆ ಗಿರಣಿ ಸುರು ಮಾಡಿದ. ಆ ರಾತ್ರಿಯಲ್ಲೇ ಉಳಿದವನು ನಾನು. ಜೇವರ್ಗಿಯ ಕೋಣೆಯಲ್ಲಿ ಪ್ರತಿ ರಾತ್ರಿ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ನಡುಕ ನಿಂತ ಅವನ ಮುಖ, ನನಗಾದ ಆ ಸಮಾಧಾನ. ಫೋನು ಹಚ್ಚಿ ಅಣ್ಣನ ದನಿ ಕೇಳುತ್ತಿದ್ದೆ. "ಬದುಕೇನಿ ಮಾರಾಯಾ, ಮಲ್ಕೋ," ಎಂದು ಬೈಯುತ್ತಿದ್ದ. ಪಾಠ ಹೇಳುವಾಗಲೂ ಬೆರಳ ತುದಿಗೆ ಚಾಕ್ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ಆ ವರ್ಷ ಶಿವರಾತ್ರಿಯ ಜಾಗರಣೆ ನನಗೆ ಹೊಸದೇನೂ ಅನಿಸಲಿಲ್ಲ.

ಶಿವರಾತ್ರಿಯ ಮರುದಿನ ಸಂಜೆ ಅಣ್ಣ ಬಸ್ಸಿಳಿದು ನನ್ನ ಕೋಣೆಗೆ ಬಂದ. ಬಗಲಲ್ಲಿ ಒಂದು ಕೌದಿ. ತಾಯಿಯ ಸೀರೆಯನ್ನು ಅವ್ವ ಉಟ್ಟಿರಲಿಲ್ಲ. ಮನೆಯ ಹಳೆಯ ಬಟ್ಟೆಗಳ ಜೊತೆ ಹೊಲಿದು ಕೌದಿ ಮಾಡಿದ್ದಳು. ಕಾಲು ತಾಗಬಾರದೆಂದು ಹಸಿರು ತುಂಡನ್ನು ಎದೆಯ ಭಾಗಕ್ಕೆ ಇಟ್ಟಿದ್ದಳು.

ನೀವು ಹರಕೆ ಹೊರಿ, ಸೈಕಲ್ಲಿನಲ್ಲೇ ಹೋಗಿ, ಬೇಡವೆನ್ನಲಾರೆ. ನಾವೂ ಮತ್ತೆ ಹೋಗುವವರೇ. ಆದರೆ ಜೊತೆಗೊಂದು ಒಣ ಬಟ್ಟೆಯ ಜೋಡಿ ಕಟ್ಟಿಕೊಳ್ಳಿ. ಬೆವರು ಆರಿಸಿಕೊಂಡು ಮುಂದೆ ಹೊರಡಿ, ಬಿಸಿ ಏನಾದರೂ ಕುಡಿಯಿರಿ. ಜೊತೆಯವನ ಮಾತು ತೊದಲಿದರೆ ಅಲ್ಲೇ ನಿಲ್ಲಿ. ಮಕ್ಕಳು ಚಳಿಯಲ್ಲಿ ಸಾಯಲಿ ಎನ್ನುವ ತಾಯಿ ಅಲ್ಲ ಅವಳು. ಇದು ನಾನು ನಂಬಿದ್ದಲ್ಲ, ನನ್ನ ನಾಲಿಗೆಯ ಮೇಲೆ ರುಚಿ ನೋಡಿದ್ದು.

ಅಣ್ಣ ಕೌದಿ ತಂದ ಆ ರಾತ್ರಿ ಇಬ್ಬರೂ ಅದೊಂದನ್ನೇ ಹೊದ್ದು ಮಲಗಿದೆವು, ನಡುವೆ ನನಗೆ ಎಚ್ಚರವಾಗಲಿಲ್ಲ. ಜಾಗರಣೆಯ ದಣಿವು ಎಂದು ಯಾರಾದರೂ ಅನ್ನಬಹುದು. ಅದಕ್ಕೂ ಮುಂಚೆ ಎಷ್ಟು ರಾತ್ರಿ ದಣಿದು ಎಚ್ಚರವಿದ್ದೆನೋ ತಾಯಿಗೆ ಗೊತ್ತು. ಕಣ್ಣು ತೆರೆದಾಗ ಕಿಟಕಿಯಲ್ಲಿ ಬಿಸಿಲಿತ್ತು. ಅಣ್ಣ ಮಗ್ಗುಲಲ್ಲಿ ಗೊರಕೆ ಹೊಡೆಯುತ್ತಿದ್ದ. ಎದ್ದು ಕೂತು, ಕೈ ಚಾಚಿ ಅವನ ಪಾದ ಮುಟ್ಟಿದೆ. ಬೆಚ್ಚಗಿತ್ತು. ಅದು ನನ್ನ ಬೆರಳಿಗೆ ತಿಳಿಯಿತು.