ಯಂತ್ರಕ್ಕೆ ಬಾಣಂತನ ಮಾಡುವ ಸಿಸ್ಟರಮ್ಮ

ಬೆಳಗಿನ ಐದೂವರೆ. ಕೆಳಗಿನ ಹೊಲಿಗೆ ಅಂಗಡಿ ಇನ್ನೂ ಬಾಗಿಲು ತೆರೆದಿಲ್ಲ. ಮೇಲಿನ ಮನೆಯ ಅಡುಗೆಮನೆಯಲ್ಲಿ ಸಿಸ್ಟರಮ್ಮ ಆಗಲೇ ಲ್ಯಾಪ್‌ಟಾಪ್ ಮುಂದೆ ಕೂತು ಗೊಣಗುತ್ತಿದ್ದಾರೆ: "ಇದೆಂಥಾ ಉತ್ತರಾನಪ್ಪಾ! ಕೇಳಿದ್ದೊಂದು, ನೀನು ಹೇಳಿದ್ದೊಂದು." ಬೈಸಿಕೊಳ್ಳುತ್ತಿರುವುದು ಯಂತ್ರ.

ಮೂವತ್ತೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ದಾದಿಯಾಗಿದ್ದವರು, ಮಂಡಿ ಕೈಕೊಟ್ಟ ಮೇಲೆ ಆಸ್ಪತ್ರೆ ಬಿಟ್ಟರು. ಮನುಷ್ಯನ ತಲೆ ಮಾಡುವ ಕೆಲಸವನ್ನೆಲ್ಲ ಮಾಡಬಲ್ಲ ಕೃತಕ ಬುದ್ಧಿಯನ್ನು ಕಟ್ಟಲು ಹೊರಟ ಕಂಪನಿಯೊಂದಕ್ಕೆ ಈಗ ಅದರ ಉತ್ತರಗಳಿಗೆ ಅಂಕ ಹಾಕಿ ತಿದ್ದಿಕೊಡುತ್ತಾರೆ. ದಿನಕ್ಕೆ ನೂರಿಪ್ಪತ್ತು ಉತ್ತರ, ಒಂದೊಂದಕ್ಕೆ ಮೂರೇ ನಿಮಿಷ. "ಊರ ಮಕ್ಕಳದ್ದೆಲ್ಲಾ ಆಯ್ತು, ಈಗ ನಮ್ಮಕ್ಕ ಯಂತ್ರಕ್ಕೆ ಬಾಣಂತನ ಮಾಡ್ತಿದ್ದಾಳೆ" ಎಂದು ಜೊತೆಗಿರುವ ತಂಗಿ ಕಾಲೆಳೆಯುತ್ತಾರೆ.

ಆದರೆ ಕಳೆದ ತಿಂಗಳು ನಡೆದದ್ದು ನಗುವ ಮಾತಾಗಿರಲಿಲ್ಲ. ಇಪ್ಪತ್ತು ದಿನದ ಕೂಸಿಗೆ ಜ್ವರ, ಹಾಲು ಕುಡೀತಿಲ್ಲ, ಏನು ಮಾಡಲಿ ಎಂಬ ಪ್ರಶ್ನೆಗೆ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ನಾಳೆಯವರೆಗೆ ಕಾಯಿರಿ ಎಂದು ಯಂತ್ರ ನಯವಾಗಿ ಉತ್ತರಿಸಿತ್ತು. ಅದೇ ಉತ್ತರ ನೋಡಿದ ಇನ್ನಿಬ್ಬರು ಪರೀಕ್ಷಕರು ಪೂರ್ತಿ ಅಂಕ ಕೊಟ್ಟಿದ್ದರು. ಸಿಸ್ಟರಮ್ಮ ಕೊಟ್ಟಿದ್ದು ಸೊನ್ನೆ.

ಕಂಪನಿಯ ಮೇಲ್ವಿಚಾರಕ ಫೋನ್ ಮಾಡಿದ. "ಸಿಸ್ಟರಮ್ಮ, ನಿಮ್ಮದೊಂದೇ ಬೇರೆ ಬಂದಿದೆ. ಬದಲಾಯಿಸಿಬಿಡಿ, ಇಲ್ಲಾಂದ್ರೆ ನಿಮ್ಮನ್ನ ಈ ಕೆಲಸದಿಂದ ತೆಗೀತಾರೆ."

"ತೆಗೀಲಿ ಬಿಡಪ್ಪ. ಅಷ್ಟು ಚಿಕ್ಕ ಕೂಸಿಗೆ ಜ್ವರ ಅಂದ್ರೆ ಒಂದು ಗಳಿಗೇನೂ ಕಾಯೋ ಹಾಗಿಲ್ಲ. ಹಾಗೆ ಕಾದು ತಂದ ಮಕ್ಕಳನ್ನ ನಾನು ಈ ಕೈಯಲ್ಲೇ ಎತ್ಕೊಂಡಿದ್ದೀನಿ."

ಮೂರು ನಿಮಿಷದ ಲೆಕ್ಕ ಬದಿಗಿಟ್ಟು, ಕಾರಣವನ್ನೆಲ್ಲ ಎರಡು ಪುಟ ಬರೆದು ಕಳಿಸಿದರು. ಹನ್ನೊಂದು ದಿನ ಯಾವ ಕೆಲಸವೂ ಬರಲಿಲ್ಲ. ಹನ್ನೆರಡನೇ ದಿನ ಮೇಲ್ವಿಚಾರಕನೇ ಕರೆಮಾಡಿದ. ಆ ಎರಡು ಪುಟವನ್ನು ಡಾಕ್ಟರೊಬ್ಬರು ಓದಿ ಒಪ್ಪಿದ್ದಾರೆ, ಅಂಥ ಉತ್ತರಗಳನ್ನೆಲ್ಲ ಕಂಪನಿ ಮತ್ತೆ ತಿದ್ದಿಸುತ್ತಿದೆ. "ತಪ್ಪು ನಮ್ಮದೇ, ಸಿಸ್ಟರಮ್ಮ" ಎಂದ. ಈಗ ಅದೇ ಪ್ರಶ್ನೆ ಕೇಳಿದರೆ ಯಂತ್ರ ಹೇಳುತ್ತದೆ: ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ.

ಮುಂದೊಂದು ದಿನ ಈ ಯಂತ್ರ ಮನುಷ್ಯರನ್ನೇ ಮೀರಿಸುತ್ತದಂತಲ್ಲ ಎಂದು ಯಾರಾದರೂ ಕೇಳಿದರೆ ಸಿಸ್ಟರಮ್ಮ ಕನ್ನಡಕ ಒರೆಸಿಕೊಳ್ಳುತ್ತಾರೆ. "ಮೀರಿಸ್ತದೋ ಇಲ್ವೋ ನಂಗೇನು ಗೊತ್ತು? ಎಲ್ಲೋ ಒಬ್ಬ ತಾಯಿ ಅದರ ಮಾತು ಕೇಳಿ ಕೂಸನ್ನ ಎತ್ಕೊಂಡು ಎದ್ದು ಹೊರಟ್ರೆ ಸಾಕು. ಹೇಳಿಕೊಟ್ಟಿದ್ದು ಯಾರು ಅಂತ ಅವಳಿಗೆ ಗೊತ್ತಾಗೋದೇ ಬೇಡ."