ನಿಮ್ಮ ಕಿಟಕಿ ನಮಗೆ ನೆನಪಿದೆ

ಈಗ ನಾನು ಇಂದಿರಾನಗರದ ಒಂದು ಕಂಪನಿಯಲ್ಲಿ ಕೂತು ಜನರಿಗೆ ಮಾರಾಟದ ಇಮೇಲ್ ಬರೆಯುತ್ತೇನೆ. ಯಾರು ತೆರೆದರು, ಯಾರು ಓದದೆ ಅಳಿಸಿದರು ಎಂಬುದನ್ನು ಕಂಪ್ಯೂಟರೇ ಚಾಡಿ ಹೇಳುತ್ತದೆ. ಆದರೆ ನಯವಾಗಿ ಕರೆಯುವುದು ಹೇಗೆಂದು ನಾನು ಕಲಿತದ್ದು ಇಲ್ಲಲ್ಲ, ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿದ್ದ ಒಂದು ಕರ್ಟನ್ ಬಟ್ಟೆಯ ಅಂಗಡಿಯಲ್ಲಿ. ಹೊಸ ಬಟ್ಟೆಯ ಗಂಜಿ ವಾಸನೆ ಎಲ್ಲಿ ಬಂದರೂ ನನಗೆ ಆ ಅಂಗಡಿಯೇ ನೆನಪಾಗುತ್ತದೆ.

ರಾಯಚೂರು ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ನನಗೆ ಅದು ಮೊದಲ ಕೆಲಸ. ಬಿಲ್ ಹಾಕುವುದು, ಫೋನ್ ಎತ್ತುವುದು, ಟೀ ತರಿಸುವುದು. ಅಂಗಡಿಯ ಒಡತಿ ಹಲಸೂರಿನವರು, ನಮಗೆಲ್ಲ ಮೇಡಂ. ಮೇಲಿನ ಹೊಲಿಗೆ ಕೋಣೆಯಲ್ಲಿ ವಯಸ್ಸಾದ ಟೈಲರ್ ಒಬ್ಬರು ಇದ್ದರು, ಅವರು ಎಲ್ಲರಿಗೂ ಮಾಸ್ಟರ್. ಮಾಸ್ಟರಿಗೆ ಒಂದು ಹಟವಿತ್ತು. ಕಿಟಕಿಯನ್ನು ಕಣ್ಣಾರೆ ನೋಡದೆ ಕರ್ಟನ್ ಹೊಲಿಯುತ್ತಿರಲಿಲ್ಲ. ಗಿರಾಕಿ ಅಳತೆ ಬರೆದು ತಂದರೆ, "ಅಳತೆ ಇರ್ಲಿ ಅಮ್ಮಾ, ಬಿಸಿಲು ಯಾವ ಕಡೆಯಿಂದ ಬರುತ್ತೆ ಅಂತ ಇದ್ರಲ್ಲಿ ಎಲ್ಲಿದೆ?" ಎನ್ನುತ್ತಿದ್ದರು. ಟೇಪನ್ನು ಕೊರಳಿಗೆ ಹಾಕಿಕೊಂಡು ಶಿವಾಜಿನಗರದಲ್ಲಿ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದರು. ಮೊದಲು ಗೊಣಗಿದವರೇ ಆಮೇಲೆ ಅವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದರಂತೆ.

ಜನ ಮನೆಯಲ್ಲೇ ಕೂತು ಫೋನಿನಲ್ಲಿ ರೆಡಿಮೇಡ್ ಕರ್ಟನ್ ತರಿಸಲು ಶುರು ಮಾಡಿದ ಮೇಲೆ ಮಾಸ್ಟರ ಮಿಷಿನ್ನಿನ ಸದ್ದು ಕಡಿಮೆಯಾಗುತ್ತ ಬಂತು. ಒಂದು ದಿನ ಮೇಡಂ ನನ್ನನ್ನು ಹತ್ತಿರ ಕರೆದು, "ದೀಪಾವಳಿವರೆಗೂ ನೋಡ್ತೀನಿ. ಆರ್ಡರ್ ಬರ್ಲಿಲ್ಲ ಅಂದ್ರೆ ಮೇಲಿನ ರೂಮ್ ಬಿಟ್ಕೊಡ್ಬೇಕು. ಮಾಸ್ಟರ್‌ಗೆ ಈಗ್ಲೇ ಏನೂ ಹೇಳ್ಬೇಡ" ಎಂದರು. ಅವತ್ತು ಮಧ್ಯಾಹ್ನ ಮಾಸ್ಟರ್ ಎಂದಿನಂತೆ ತಮ್ಮ ಡಬ್ಬಿಯ ಪುಳಿಯೋಗರೆಯನ್ನು ನನ್ನ ತಟ್ಟೆಗೆ ಹಾಕಿದರು. ಅವರ ಮುಖ ನೋಡದೆ ತಿಂದೆ.

ಬಿಲ್ ಹಾಕುವ ಕಂಪ್ಯೂಟರಿನಲ್ಲಿ ಹಳೆಯ ಗಿರಾಕಿಗಳ ಇಮೇಲ್ ವಿಳಾಸಗಳಿದ್ದವು. "ಮೇಡಂ, ಅವ್ರಿಗೆಲ್ಲ ಒಂದು ಮೇಲ್ ಕಳಸ್ಲೇನ್ರೀ?" ಎಂದು ಕೇಳಿದೆ. ಒಪ್ಪಿದರು. ಇಂಟರ್‌ನೆಟ್ಟಿನಲ್ಲಿ ಕಂಡ ಹಾಗೆ ಇಂಗ್ಲಿಷಿನಲ್ಲಿ, ಕೆಂಪು ಅಕ್ಷರದಲ್ಲಿ ಬರೆದೆ: ಇಂದೇ ಕೊನೆ, ಬೇಗ ಬನ್ನಿ, ಅವಕಾಶ ಕಳೆದುಕೊಳ್ಳಬೇಡಿ. ಸರಿಯಾಗಿ ತಲುಪುತ್ತದೋ ನೋಡೋಣವೆಂದು ಪಟ್ಟಿಯಲ್ಲಿ ನನ್ನ ವಿಳಾಸವನ್ನೂ ಸೇರಿಸಿದೆ. ಬಂದದ್ದು ಒಂದೇ ಉತ್ತರ, ಇನ್ನು ಮುಂದೆ ನನಗೆ ಇಂಥದ್ದನ್ನು ಕಳಿಸಬೇಡಿ ಎಂದು.

ಮೇಡಂ ಕನ್ನಡಕ ಹಾಕಿಕೊಂಡು ನನ್ನ ಮೇಲ್ ಓದಿದರು. "ಹೊರಗಡೆ ಫುಟ್‌ಪಾತಲ್ಲಿ ಗಿರಾಕಿ ಕೈ ಹಿಡ್ಕೊಂಡು ಎಳೀತಾರಲ್ಲ, ಹಂಗಿದೆ ಇದು. ನಮ್ಮಂಗಡೀಲಿ ಯಾವತ್ತಾದ್ರೂ ಯಾರನ್ನಾದ್ರೂ ಹಂಗೆ ಕರ್ದಿದೀವಾ?"

ಕರೆದಿರಲಿಲ್ಲ. ಬಂದವರು ಏನೂ ಕೊಳ್ಳದೆ ಎದ್ದರೆ, ಅವರು ತುಂಬ ಹೊತ್ತು ಮುಟ್ಟಿ ನೋಡಿದ ಬಟ್ಟೆ ಯಾವುದೆಂದು ಮೇಡಂ ಗಮನಿಸಿರುತ್ತಿದ್ದರು. ಅದರದ್ದೊಂದು ಚೂರು ಕತ್ತರಿಸಿ ಅವರ ಕೈಗಿಡುತ್ತಿದ್ದರು. "ಮನೆಗೆ ತಗೊಂಡೋಗಿ ಗೋಡೆ ಹತ್ರ ಹಿಡ್ದು ನೋಡಿ. ಇಷ್ಟ ಆಗ್ಲಿಲ್ವಾ, ಬಿಟ್ಬಿಡಿ." ಹಾಗೆ ಹೇಳಿಸಿಕೊಂಡವರಲ್ಲಿ ಹೆಚ್ಚಿನವರು ತಿರುಗಿ ಬರುತ್ತಿದ್ದರು.

ಆ ಬಟ್ಟೆಯ ಚೂರನ್ನು ಇಮೇಲಿನಲ್ಲಿ ಇಡುವುದು ಹೇಗೆ ಎಂಬುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಕೊನೆಗೆ ಮತ್ತೊಂದು ಬರೆದೆ. ಅದೂ ಇಂಗ್ಲಿಷಿನಲ್ಲೇ ಇತ್ತು, ಸಾರಾಂಶ ಇಷ್ಟು. ಹಬ್ಬಕ್ಕೆ ಮನೆ ಸ್ವಚ್ಛ ಮಾಡುತ್ತಿರಬಹುದು. ಕರ್ಟನ್ ಒಗೆಯುವ ಮೊದಲು ಕೊಕ್ಕೆ ಬಿಚ್ಚಿ, ನೆರಳಿನಲ್ಲಿ ಒಣಗಿಸಿ. ಹೊಲಿಗೆ ಬಿಟ್ಟಿದ್ದರೆ ತನ್ನಿ, ಮಾಸ್ಟರ್ ಹಾಕಿಕೊಡುತ್ತಾರೆ, ದುಡ್ಡು ಬೇಡ. ಬರಲಾಗದಿದ್ದರೂ ಬೇಸರವಿಲ್ಲ. ಮಾಸ್ಟರಿಗೆ ಓದಿ ಹೇಳಿದಾಗ ಅವರು ದಾರ ಕಚ್ಚಿ ತುಂಡು ಮಾಡುತ್ತ, "ನಿಮ್ ಕಿಟಕಿ ನಮಗೆ ಜ್ಞಾಪ್ಕ ಇದೆ ಅಂತಾನೂ ಬರಿಯಮ್ಮಾ. ನಿಜವಾಗ್ಲೂ ಇದೆ" ಎಂದರು. ಅದನ್ನೇ ಕೊನೆಯ ಸಾಲು ಮಾಡಿದೆ.

ದುಡ್ಡು ಬೇಡ ಅಂದದ್ದೇ ಎಡವಟ್ಟಾಯಿತು. ಚೀಲಗಟ್ಟಲೆ ಹಳೆಯ ಕರ್ಟನ್ ಬಂದವು. ಅವುಗಳ ನಡುವೆ ದಿಂಬಿನ ಚೀಲಗಳು ಬಂದವು. ಒಬ್ಬಾಕೆ ಗಂಡನ ಪ್ಯಾಂಟನ್ನೇ ತಂದಳು. ಮೇಡಂ ನನ್ನನ್ನು ದುರುಗುಟ್ಟಿ ನೋಡಿ, "ಇದೇನು ಧರ್ಮಛತ್ರನಾ?" ಎಂದರು. ಮಾಸ್ಟರ್ ಮಾತ್ರ ಒಂದೊಂದನ್ನೇ ಬೆಳಕಿಗೆ ಹಿಡಿದು, "ಇದು ಪೂರ್ವದ ಕಿಟಕೀದು. ಬಿಸಿಲಿಗೆ ಪಿಸ್ದೋಗಿದೆ ಅಮ್ಮಾ, ಹೊಲಿದ್ರೂ ನಿಲ್ಲಲ್ಲ" ಎನ್ನುತ್ತಿದ್ದರು. ಅಂಥವರು ಕೆಳಗಿಳಿದು ಹೊಸ ಬಟ್ಟೆ ಆರಿಸುತ್ತಿದ್ದರು. ಆ ದೀಪಾವಳಿಗೆ ಮಿಷಿನ್ನಿಗೆ ಬಿಡುವಿರಲಿಲ್ಲ. ಕೋಣೆ ಉಳಿಯಿತು. ಅದು ಹೋಗುವುದರಲ್ಲಿತ್ತು ಎಂದು ಮಾಸ್ಟರಿಗೆ ನಾವು ಹೇಳಲೇ ಇಲ್ಲ.

ಆ ಮೇಲ್ ತೋರಿಸಿಯೇ ನನಗೆ ಈ ಕಂಪನಿಯ ಕೆಲಸ ಸಿಕ್ಕಿತು. ಪಟ್ಟಿಯಿಂದ ನನ್ನ ವಿಳಾಸವನ್ನು ಯಾರೂ ತೆಗೆಯಲಿಲ್ಲ. ಪ್ರತಿ ದೀಪಾವಳಿಗೂ ನನ್ನದೇ ಸಾಲುಗಳು ನನ್ನ ಆಫೀಸಿನ ಮೇಜಿಗೆ ಬರುತ್ತಿದ್ದವು. ಕೊಕ್ಕೆ ಬಿಚ್ಚಿ, ನೆರಳಿನಲ್ಲಿ ಒಣಗಿಸಿ. ಓದಿ ಒಬ್ಬಳೇ ನಗುತ್ತಿದ್ದೆ.

ಈ ಸಲದ್ದು ಬೇರೆಯಾಗಿತ್ತು. ಮಾಸ್ಟರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುತ್ತಿಲ್ಲ. ತಿಂಗಳ ಕೊನೆಗೆ ಮೇಲಿನ ಕೋಣೆ ಬಿಡುತ್ತಿದ್ದೇವೆ. ಹೊಲಿಸುವುದಿದ್ದರೆ ಬನ್ನಿ. ಬರಲಾಗದಿದ್ದರೂ ಬೇಸರವಿಲ್ಲ. ನಿಮ್ಮ ಕಿಟಕಿ ನಮಗೆ ನೆನಪಿದೆ. ಅವರಿಗೆ ಬೇಸರವಿಲ್ಲವಂತೆ. ನನಗೆ ಆಫೀಸಿನಲ್ಲೇ ಅಳು ಬಂತು.

ಶನಿವಾರ ಹೋದೆ. ಮಾಸ್ಟರ್ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದರು. ಮೇಲ್ ನನಗೂ ಬಂತೆಂದು ಹೇಳಿ, ನನ್ನ ಕೋಣೆಯ ಕಿಟಕಿಗೂ ಒಂದು ಕರ್ಟನ್ ಬೇಕೆಂದೆ. ಇಷ್ಟು ವರ್ಷ ಅಲ್ಲಿ ಅವ್ವನ ಹಳೆಯ ಸೀರೆಯನ್ನೇ ಕಟ್ಟಿದ್ದೆ.

"ನಿನ್ ಕಿಟಕಿ ನಾನ್ ನೋಡೇ ಇಲ್ವಲ್ಲಮ್ಮಾ" ಎಂದರು.

"ಅಳತಿ ತಂದೀನ್ರೀ ಮಾಸ್ಟರ್. ನೀವು ಬರೋದು ಬ್ಯಾಡ, ಮೆಟ್ಟಿಲದಾವು."

ಅವರು ಆಗಲೇ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಮೇಡಂ ಗದರಿದರು, "ನಮ್ ಮೆಟ್ಟಿಲೇ ಹತ್ತಕ್ಕಾಗಲ್ಲ ನಿಮಗೆ, ಕೆ.ಆರ್. ಪುರಕ್ಕೆ ಹೋಗ್ತೀರಾ?"

"ಜ್ಞಾಪ್ಕ ಇದೆ ಅಂತ ಇವಳಿಗೂ ಬರ್ದು ಕಳಿಸಿದೀವಲ್ಲ ಮೇಡಂ" ಎಂದರು ಮಾಸ್ಟರ್. "ನೋಡ್ದಿದ್ರೆ ಅದು ಸುಳ್ಳಾಗಲ್ವಾ?"

ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ನನ್ನ ಕಟ್ಟಡದ ಮೆಟ್ಟಿಲುಗಳನ್ನು ಅವರು ಗೋಡೆ ಹಿಡಿದು, ನಡುವೆ ಕೂತು, ಮತ್ತೆ ಎದ್ದು ಹತ್ತಿದರು. ಒಳಗೆ ಬಂದವರೇ ಅವ್ವನ ಸೀರೆಯನ್ನು ಪಕ್ಕಕ್ಕೆ ಸರಿಸಿ, ಟೇಪು ಮುಟ್ಟದೆ, ಕಿಟಕಿಯನ್ನು ನೋಡುತ್ತ ನಿಂತರು.

"ಬಿಸಿಲು ಯಾವಾಗ ಬರುತ್ತಮ್ಮಾ?"

"ಬೆಳಿಗ್ಗೆ ರೀ. ಸೀದಾ ಮಾರಿ ಮ್ಯಾಲೇ ಬೀಳ್ತದ."

"ಹ್ಞೂಂ" ಎಂದರು. "ಜ್ಞಾಪ್ಕ ಇರುತ್ತೆ."