ಬೆಳವಕ್ಕಿ ಕರೆದ ಸಂಜೆ

ಬಸ್ ಓಡಿಸುತ್ತಿದ್ದ ಕಾಲದಲ್ಲೇ ಅವರಿಗೆ ಹಾರ್ನ್ ಮಾಮ ಎಂಬ ಹೆಸರು ಬಿದ್ದಿತ್ತು. ಬಸ್ಸಿನ ಹಾರ್ನ್ ಕೆಟ್ಟರೂ ಚಿಂತೆಯಿಲ್ಲ, ಡ್ರೈವರ್ ಗಂಟಲಿದೆಯಲ್ಲ ಎನ್ನುತ್ತಿದ್ದ ಕಂಡಕ್ಟರ್. ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೂ ಗಂಟಲು ಮಾತ್ರ ನೆಟ್ಟಗೇ ಇತ್ತು. ವಾಕರ್ ಹಿಡಿದು ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಮಾಮ ಬಚ್ಚಲುಮನೆ ಬಿಟ್ಟು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಬೀಳುವ ಭಯ. ಅದನ್ನು ಒಪ್ಪಿಕೊಳ್ಳುವ ಜಾತಿಯೂ ಅವರದ್ದಲ್ಲ.

ಮಂಚದೆದುರಿನ ಬಾಲ್ಕನಿಯ ಖಾಲಿ ಹೂಕುಂಡದಲ್ಲಿ ಒಂದು ಜೋಡಿ ಬೆಳವಕ್ಕಿ ಗೂಡು ಕಟ್ಟಿದವು. ಗಂಡು ಕತ್ತು ಉಬ್ಬಿಸಿ, ತಲೆ ಬಗ್ಗಿಸಿ ಬಗ್ಗಿಸಿ ಗುಟುರು ಹಾಕಿದಾಗ ಮಾಮ ಹೆಂಡತಿಯನ್ನು ಕರೆದರು.

"ನೋಡೇ ಇಲ್ಲಿ, ನಂಗೆ ನಮಸ್ಕಾರ ಹಾಕ್ತಿದಾನೆ."

ಹೆಂಡತಿ ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ. "ಆ ಕಡೆ ಹೆಣ್ಣು ಕೂತಿದೆ ನೋಡ್ರಿ. ನಿಮ್ಮನ್ನ ಯಾರು ಕೇಳ್ತಾರೆ?"

ಮಾಮ ನೋಡತೊಡಗಿದರು. ಕಾಗೆ ಹತ್ತಿರ ಬಂದರೆ ಹಕ್ಕಿ ಕೂತಲ್ಲೇ ಒಂದು ರೆಕ್ಕೆ ಎತ್ತಿ ಏಟಿಗೆ ಸಿದ್ಧವಾಗುತ್ತಿತ್ತು. ಬೆದರಿ ಹಾರುವಾಗ ಬಾಯಿಗಿಂತ ರೆಕ್ಕೆಯೇ ಹೆಚ್ಚು ಸದ್ದು ಮಾಡುತ್ತಿತ್ತು. ಹಗಲೆಲ್ಲ ಗಂಡು ಕಾವು ಕೂರುತ್ತಿತ್ತು, ಸಂಜೆಗೆ ಹೆಣ್ಣು ಬಂದು ಜಾಗ ಬಿಡಿಸಿಕೊಳ್ಳುತ್ತಿತ್ತು. ಠೀವಿಯ ಗುಟುರು ಬೇರೆ, ಜೊತೆಯನ್ನು ಗೂಡಿಗೆ ಕರೆಯುವ ತಗ್ಗಿದ ಕೂಗು ಬೇರೆ ಎಂಬುದೂ ನಿಧಾನಕ್ಕೆ ಕಿವಿಗೆ ಹತ್ತಿತು.

ಒಂದು ಸಂಜೆ ಹೆಣ್ಣು ಬರಲಿಲ್ಲ. ಗಂಡು ಕೂತಲ್ಲಿಂದಲೇ ಆ ತಗ್ಗಿದ ಕೂಗು ಹಾಕಿತು. ಕೊನೆಗೆ ಮೊಟ್ಟೆಗಳನ್ನು ಬಿಟ್ಟೆದ್ದು, ಪಕ್ಕದ ಮನೆಯ ಸ್ಟೋರ್ ರೂಮಿನ ಗಾಜಿನ ಗವಾಕ್ಷಿಯ ಅಂಚಿನಲ್ಲಿ ಕೂತು, ತಲೆ ವಾಲಿಸಿ ಒಳಗೆ ಇಣುಕಿ ಮತ್ತೆ ಕರೆಯಿತು.

"ಹೆಣ್ಣು ಅವರ ಮನೇಲಿ ಸಿಕ್ಕಾಕ್ಕೊಂಡಿದೆ ಕಣೇ. ಆಯಮ್ಮ ಡ್ಯೂಟಿಗೆ ಹೊರಟರೆ ಬೆಳಗಾಗೋವರೆಗೂ ಬೀಗ. ಹೋಗಿ ಹೇಳು."

ಪಕ್ಕದ ಮನೆಯಾಕೆ ನರ್ಸ್. ಮೆಟ್ಟಿಲ ಬಳಿ ಚಪ್ಪಲಿ ಸ್ಟ್ಯಾಂಡ್ ಇಟ್ಟದ್ದಕ್ಕೆ ಹಿಂದೊಮ್ಮೆ ಮಾಮ ಅವಳನ್ನು ಇಡೀ ಕಟ್ಟಡಕ್ಕೆ ಕೇಳುವಂತೆ ಬೈದಿದ್ದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

"ಬೈದಿದ್ದು ನೀವು. ನಾನ್ಯಾವ ಮುಖ ಹೊತ್ತು ಹೋಗ್ಲಿ?" ಎಂದಳು ಹೆಂಡತಿ.

ಗಂಡು ಮತ್ತೊಮ್ಮೆ ಕರೆಯಿತು. ಮಾಮ ವಾಕರ್ ಎಳೆದುಕೊಂಡರು. ಹೊಸಿಲಾಚೆಗೆ ವಾಕರ್ ಇಟ್ಟು ಒಂದೊಂದೇ ಕಾಲು ದಾಟಿಸಿದರು. ಹೆಂಡತಿ ಹಿಂದೆಯೇ ಬಂದಳು, ಆದರೆ ಹಿಡಿಯಲಿಲ್ಲ.

ಬಾಗಿಲು ತೆರೆದ ನರ್ಸ್ ಬೈಗುಳ ಕಾಯುವವಳಂತೆ ನಿಂತಳು.

"ನಿಮ್ಮ ಸ್ಟೋರ್ ರೂಮಲ್ಲಿ ಹಕ್ಕಿ ಇರಬೇಕಮ್ಮ," ಎಂದರು ಮಾಮ, ಹಾರ್ನ್ ಇಲ್ಲದ ದನಿಯಲ್ಲಿ. "ಅದರ ಗಂಡ ಹುಡುಕ್ತಿದಾನೆ."

ಅವಳು ಒಳಗೆ ಹೋಗಿ ನೋಡಿದಳು. ಹಳೆಯ ಪೆಟ್ಟಿಗೆಗಳ ಹಿಂದೆ ಹೆಣ್ಣು ಪುಕ್ಕ ಉಬ್ಬಿಸಿಕೊಂಡು ಮುದುಡಿ ಕೂತಿತ್ತು. ಗವಾಕ್ಷಿ ತೆರೆದದ್ದೇ ತಡ, ಪಟಪಟನೆ ಹಾರಿಹೋಯಿತು.

"ಮಧ್ಯಾಹ್ನ ಗಾಳಿಗೆ ತೆಗೆದಿದ್ದೆ. ನೋಡದೆ ಹಾಕಿಬಿಟ್ಟೆ," ಎಂದಳು ನರ್ಸ್.

"ಅವತ್ತು ನಾನೂ ಹಿಂದೆಮುಂದೆ ನೋಡದೆ ಬೈದೆ," ಎಂದರು ಮಾಮ.

ಅವಳ ಕಣ್ಣು ವಾಕರ್ ಮೇಲಿತ್ತು. "ಅಷ್ಟು ಮುಂದೆ ಇಡಬೇಡಿ ಮಾಮ, ಬೀಳ್ತೀರ. ಇರಿ, ತೋರಿಸ್ತೀನಿ."

ಮೊಟ್ಟೆಗಳಲ್ಲಿ ಒಂದು ಕೆಟ್ಟಿತು, ಒಂದು ಮರಿಯಾಯಿತು. ರಜೆಯ ದಿನಗಳಲ್ಲಿ ನರ್ಸ್ ಬಂದು ಮಾಮನನ್ನು ಓಣಿಯ ಕೊನೆಯವರೆಗೆ ನಡೆಸುತ್ತಾಳೆ. ಅವರು ಗೊಣಗುತ್ತಾರೆ; ಅವಳು ಕೇಳಿಸಿಕೊಳ್ಳುವುದಿಲ್ಲ.